ಹನ್ನೆರಡನೆಯ ಮನೆ

ಪಕ್ಕದ ಮನೆಯ ಮೌರೀನ್ ಆಂಟಿ ಕಳೆದ ಶನಿವಾರ ನಮ್ಮ ಊಟದ ಟೇಬಲ್ ಮೇಲೆ ಒಂದು ಊರನ್ನು ತಂದಿಟ್ಟರು. ಆರು ಹಾಳೆಯ ಊರು. "ಇದನ್ನ ಟೈಪ್ ಮಾಡಿಕೊಡ್ತೀಯಾ? ಸೋಮವಾರ ಕಳಿಸ್ಬೇಕು."

ಎಂಬತ್ತು ದಾಟಿದ ರಿಟೈರ್ಡ್ ನರ್ಸ್. ಐರ್ಲೆಂಡಿನಲ್ಲಿ ಹುಟ್ಟಿ, ಇಪ್ಪತ್ತರಲ್ಲಿ ಸಿಡ್ನಿಗೆ ಬಂದವರು. (ಕೆಲ್ಲಿವಿಲ್‌ನ ನಮ್ಮ ಬೀದಿಯಲ್ಲಿ ನಮ್ಮ ಒಗ್ಗರಣೆಯ ಘಮಕ್ಕೆ ಕಿಟಕಿ ತೆರೆದವರು ಅವರೊಬ್ಬರೇ.) ಅವರ ಊರಿನವರು ಒಂದು ಪುಸ್ತಕ ತರುತ್ತಿದ್ದಾರೆ. ಹಳಬರೆಲ್ಲ ನೆನಪಿದ್ದದ್ದನ್ನು ಬರೆದು ಕಳಿಸಬೇಕು.

ಅಂಥ ಊರಿಗೆ ಅಲ್ಲಿ ಟೌನ್‌ಲ್ಯಾಂಡ್ ಅನ್ನುತ್ತಾರೆ. ಟೌನು ಹಾಗಿರಲಿ, ಒಂದು ಅಂಗಡಿಯೂ ಇಲ್ಲ. ಒಂದು ಹಳ್ಳ, ಒಂದಿಷ್ಟು ಜೌಗು, ಹನ್ನೊಂದು ಮನೆ. ಆದರೆ ಪ್ರತಿ ಹೊಲಕ್ಕೂ ಹೆಸರು! ಕುರುಡು ಕುದುರೆಯ ಹೊಲ. ವಿಧವೆಯ ಮೂಲೆ.

ಮನೆಗಳನ್ನು ಅವರು ಬಲಿಪೂಜೆಯ, ಅಂದರೆ ಕ್ಯಾಥೊಲಿಕರ ಮಾಸ್‌ನ, ಸರದಿಯಂತೆ ಬರೆದಿದ್ದರು. ಪಾದ್ರಿಗಳು ಮನೆಗೇ ಬಂದು ಪೂಜೆ ಮಾಡುತ್ತಿದ್ದರಂತೆ. ವರ್ಷಕ್ಕೊಂದು ಮನೆ. ಸರದಿ ಬಂದವರು ಗೋಡೆಗೆ ಸುಣ್ಣ ಬಳಿದು ಕಾಯಬೇಕು. ಊರಿಗೆ ಊರೇ ಬಂದು ಪ್ರಾರ್ಥಿಸಿ, ತಿಂಡಿ ತಿಂದು ಹೋಗಬೇಕು.

ಎಲ್ಲರೂ ಒಳ್ಳೆಯವರು. ಆರು ಹಾಳೆಯಲ್ಲಿ ಒಬ್ಬನೂ ಬೇಲಿ ಒತ್ತಿಲ್ಲ. ನನಗೆ ಇಂಥ ಊರುಗಳೆಂದರೆ ಅನುಮಾನ.

ನಾನು ಟೈಪಿಸುವಾಗ ನನ್ನ ಹೆಂಡತಿ ಸುಧಾ ತನ್ನ ಲ್ಯಾಪ್‌ಟಾಪಿನಲ್ಲಿ ಆ ಊರಿನ ಸ್ಯಾಟಲೈಟ್ ಮ್ಯಾಪ್ ತೆರೆದಳು.

"ರೀ, ಆಂಟಿ ಬರ್ದಿರೋದು ಹನ್ನೊಂದು. ಇಲ್ಲಿ ಹನ್ನೆರಡಿದೆ. ಹಳ್ಳದ ಪಕ್ಕ ನೋಡಿ, ಬರೀ ಗೋಡೆ ನಿಂತಿದೆ."

ಮೌರೀನ್ ಟೀ ಕಪ್ ಕೆಳಗಿಟ್ಟರು. "ಅದು ಲೆಕ್ಕಕ್ಕಿಲ್ಲ." ಆಮೇಲೆ ತಾವೇ ಹೇಳಿದರು.

ಅವರ ಅಜ್ಜನ ಕಾಲದಲ್ಲಿ ಜಮೀನ್ದಾರ ಒಂದು ಕುಟುಂಬವನ್ನು ಒಕ್ಕಲೆಬ್ಬಿಸಿದ. ಆ ಹೊಲವನ್ನು ಊರಿನವನೇ ಒಬ್ಬ ಜಮೀನ್ದಾರನಿಂದ ಗೇಣಿಗೆ ಹಿಡಿದ; ಊರಿನ ಕಣ್ಣಿಗೆ ಅದು ದ್ರೋಹ. ಅವತ್ತಿನಿಂದ ಆ ಮನೆಯೊಂದಿಗೆ ಊರಿಗೆ ಮಾತಿಲ್ಲ. ಹಿಡಿದವನು ಸತ್ತ, ಮಾತಿಲ್ಲ. ಮಗ ಮುದುಕನಾದ, ಮಾತಿಲ್ಲ. ಮೊಮ್ಮಗಳು ನೋರಾ ಮೌರೀನರ ಕ್ಲಾಸ್‌ಮೇಟ್.

"ಅವರ ಮನೆ ಸರದಿ ಬಂತು. ಪಾದ್ರಿ ಹೋದ್ರು. ನಾವ್ಯಾರೂ ಹೋಗ್ಲಿಲ್ಲ. ಮರುದಿನ ನೋರಾ ಉಳಿದ ಕೇಕನ್ನೆಲ್ಲ ಸ್ಕೂಲಿಗೆ ತಂದ್ಲು. ಯಾರೂ ಮುಟ್ಲಿಲ್ಲ. ನಂಗೆ ಹಸಿವಾಗಿತ್ತು ಕಣಪ್ಪ. ಆದ್ರೂ ಮುಟ್ಲಿಲ್ಲ."

"ನೋರಾ ಈಗ?"

"ಅಲ್ಲೇ ಪಕ್ಕದ ಪೇಟೇಲಿದಾಳೆ. ಪುಸ್ತಕ ಬಂದ್ರೆ ಓದ್ತಾಳೆ."

"ಸೇರಿಸೋಣ್ವಾ?"

"ಸೇರಿಸಿದ್ರೆ ನಮ್ಮಮ್ಮ ಕೆಟ್ಟವಳಾಗ್ತಾಳೆ. ಅವತ್ತು ನನ್ನ ಕೈ ಹಿಡಿದು ಮನೇಲಿ ಕೂರಿಸಿದ್ದು ಅವಳೇ."

"ಬಿಟ್ರೆ?" ಅಂದಳು ಸುಧಾ.

ಮೌರೀನ್ ಹಾಳೆಗಳನ್ನು ಅಲ್ಲೇ ಬಿಟ್ಟು ಎದ್ದು ಹೋದರು.

ಭಾನುವಾರ ಬೆಳಿಗ್ಗೆ ಬೇಲಿಯಾಚೆಯಿಂದ ಕೂಗಿದರು: "ಬರ್ಕೋ. ಹನ್ನೆರಡನೇ ಮನೆ, ನೋರಾಳದು. ಗೋಡೆಗೆ ಸುಣ್ಣ ಬಳಿದಿದ್ರು. ನಾವು ಹೋಗ್ಲಿಲ್ಲ. ಕೇಕ್ ತಂದ್ಲು. ನಾನು ತಿನ್ಲಿಲ್ಲ."

"ಅಷ್ಟೇನಾ ಆಂಟಿ?"

"ಅಷ್ಟೇ. ಕ್ಷಮೆ ಗಿಮೆ ಸೇರಿಸಿ ಸಿಹಿ ಮಾಡ್ಬೇಡ."

ಹಾಗೇ ಕಳಿಸಿದೆ. ನಿಜ ಹೇಳಬೇಕೆಂದರೆ, ಹೆಮ್ಮೆಯೂ ಆಯಿತು. ಇನ್ನೊಬ್ಬರ ಊರನ್ನು ಸರಿಮಾಡುವುದು ಎಷ್ಟು ಸಲೀಸು! ಇದೇ ಅಂಕಣದಲ್ಲಿ ಒಮ್ಮೆ ನಾನು ನಮ್ಮೂರಿನ ಬಗ್ಗೆ ಬರೆದಿದ್ದೆ. ನಲವತ್ತು ಮನೆ, ಎಲ್ಲರೂ ಒಂದೇ ಮನೆಯವರಂತೆ ಇದ್ದೆವು ಅಂತ. (ನೀವೂ ಮೆಚ್ಚಿ ಮೇಲ್ ಮಾಡಿದ್ದಿರಿ.)

ಸುಧಾ ಇನ್ನೂ ಲ್ಯಾಪ್‌ಟಾಪ್ ಮುಚ್ಚಿರಲಿಲ್ಲ. ಈಗ ಅದರಲ್ಲಿದ್ದದ್ದು ನಮ್ಮೂರು.

"ರೀ, ನಿಮ್ಮ ನಲವತ್ತರಲ್ಲಿ ಕೆರೆ ಆಚೆ ಕೇರಿ ಸೇರಿತ್ತಾ?"