ಮರಳುಗಾಡಿನ ಗೀಸರ್

ಬೇಸಿಗೆಯುದ್ದಕ್ಕೂ ಆರಿಸಿಟ್ಟಿದ್ದ ಗೀಸರನ್ನು ಮತ್ತೆ ಹಾಕಿದ ಮೊದಲ ದಿನ ನಲ್ಲಿಯಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಕತಾರಿನಲ್ಲಿ ಸಂಸಾರ ಮಾಡಿದವರಿಗೆ ಇದು ಗೊತ್ತು. ಇಲ್ಲಿ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರೇ ಮೈ ಸುಡುವಷ್ಟು ಕಾದಿರುತ್ತದೆ. ಆದ್ದರಿಂದ ಗೀಸರ್ ಆರಿಸಿ, ಅದರೊಳಗೆ ನಿಂತು ತಣಿದ ನೀರಿನಲ್ಲಿ ಸ್ನಾನ ಮಾಡುತ್ತೇವೆ. ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು. ಮೊನ್ನೆ ಅಲ್ ವಕ್ರಾದ ನಮ್ಮ ಫ್ಲಾಟಿನಲ್ಲಿ ಆ ವಾಸನೆ ಎದ್ದಾಗ ನಾನು ಗ್ಯಾಸ್ ಸೋರುತ್ತಿದೆಯೆಂದು ಕಿಟಕಿಗಳನ್ನೆಲ್ಲ ತೆರೆದೆ, ಬಾಗಿಲು ತೆರೆದೆ, ಪಕ್ಕದ ಮನೆಯವರ ಬಾಗಿಲನ್ನೂ ಬಡಿದೆ. ನಲವತ್ತು ದಾಟಿದ ಮೇಲೂ ಹೆದರಿಕೆಯ ಇಲಾಖೆಯಲ್ಲಿ ಮಾತ್ರ ನನಗೆ ಬಡ್ತಿ ಸಿಗುತ್ತಲೇ ಇದೆ. ಎಲ್ಲ ಶಾಂತವಾದ ಮೇಲೆ ಬಚ್ಚಲಿನ ಸ್ಟೂಲಿನ ಮೇಲೆ ಕುಳಿತು ಅದೇ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ನಿಮಗೂ ಇಂಥದ್ದೊಂದು ವಾಸನೆ ಇರಬಹುದು, ಯಾರಿಗೂ ಬೇಡದ್ದು. ನನ್ನದರೊಳಗೆ ನಾನು ಬೆಳೆದ, ಮುಐದರ್ ಬಡಾವಣೆಯ ನಮ್ಮ ಮನೆ ಇತ್ತು.

ಮನೆ ಎಂದರೆ, ಒಂದು ಹಳೆಯ ವಿಲ್ಲಾವನ್ನು ಪ್ಲೈವುಡ್ಡಿನಿಂದ ಸೀಳಿದ ಪಾಲುಗಳಲ್ಲಿ ಒಂದು. ಅಪ್ಪ ಬಾಗಲಕೋಟೆ ಕಡೆಯವನು, ಗ್ಯಾಸ್ ಪ್ಲಾಂಟಿನ ಕೊಳವೆಗಳನ್ನು ಬೆಸೆಯುವ ವೆಲ್ಡರ್. ಪ್ಲೈವುಡ್ಡಿನ ಆಚೆ ಉಡುಪಿಯ ಶೇಖರಣ್ಣ, ಸ್ಪೇರ್ ಪಾರ್ಟ್ಸ್ ಅಂಗಡಿಯವರು. ನಮ್ಮ ಮನೆಯಲ್ಲಿ ಯಾರಾದರೂ ಸೀನಿದರೆ ಅವರ ಮನೆಯಿಂದ ‘ಚಿರಂಜೀವಿ’ ಎಂಬ ಉತ್ತರ ಬರುತ್ತಿತ್ತು. ತೊಂಬತ್ತರ ದಶಕದ ಆ ವರ್ಷ ಅವ್ವನ ಕಣ್ಣು ಬದಿಗಳಿಂದ ಮುಚ್ಚಿಕೊಳ್ಳುತ್ತ ಬಂದಿತ್ತು. ಮೊದಲು ಬಾಗಿಲ ಚೌಕಟ್ಟು ಭುಜಕ್ಕೆ ತಾಗಿತು, ಆಮೇಲೆ ರೊಟ್ಟಿ ಹಂಚಿನ ಹೊರಗೆ ಬಿತ್ತು, ಚಳಿಗಾಲದ ಹೊತ್ತಿಗೆ ಬೆಳಕು ಮತ್ತು ನೆರಳು ಮಾತ್ರ ಉಳಿದವು. ಒಣಗಿದ ನರ ಮತ್ತೆ ಚಿಗುರುವುದಿಲ್ಲ ಎಂದರು ಡಾಕ್ಟರು. “ಖಲಾಸ್?” ಎಂದು ಅಪ್ಪ ಕೇಳಿದ. ಡಾಕ್ಟರು ಅವನ ಭುಜ ಮುಟ್ಟಿದರು. ಹಗಲೆಲ್ಲ ಕಪ್ಪು ಗಾಜಿನ ಹಿಂದಿನಿಂದ ಬೆಂಕಿಯನ್ನು ದಿಟ್ಟಿಸುವ ಅಪ್ಪನ ಕಣ್ಣುಗಳು ಗಟ್ಟಿಯಾಗಿದ್ದವು. ಅದೇ ಅವನಿಗೆ ದೊಡ್ಡ ಅನ್ಯಾಯವಾಗಿ ಕಾಣುತ್ತಿತ್ತು.

ನನಗೋ ಅದರ ನಡುವೆಯೂ ಪ್ರವಾಸದ ಹಟ. ನಮ್ಮ ಇಂಗ್ಲಿಷ್ ಶಾಲೆಯ ಪಾಠದಲ್ಲಿ ಒಂದು ನ್ಯಾಷನಲ್ ಪಾರ್ಕ್ ಇತ್ತು: ಬಿಸಿನೀರಿನ ಬುಗ್ಗೆಗಳು, ಆಕಾಶಕ್ಕೆ ಚಿಮ್ಮುವ ಗೀಸರ್‌ಗಳು, ಹಬೆಯ ನಡುವೆ ಮೇಯುವ ಕಾಡುಕೋಣಗಳು. “ಅಡವ್ಯಾಗ ಗೀಸರ್ ಯಾಕ ಇಟ್ಟಾರವಾ? ಕ್ವಾಣದ ಜಳಕಕ್ಕೇನು?” ಎಂದು ಅವ್ವ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದು. ಆ ನಗು ಕೇಳಿಯೇ ಇರಬೇಕು, ಅಂಥ ಜಾಗ ಇಲ್ಲಿ ಎಲ್ಲಾದರೂ ಇದೆಯೇ ಎಂದು ಅಪ್ಪ ತನ್ನ ಅರಬ್ ಫೋರ್‌ಮನ್‌ನನ್ನು ಕೇಳಿದ. ಶಹಾನಿಯಾದ ಬೇಲಿಯೊಳಗೆ ಓರಿಕ್ಸ್ ಎಂಬ ಮರಳುಗಾಡಿನ ಜಿಂಕೆಗಳಿವೆ, ಮುಂದೆ ಹೋದರೆ “ಐನ್ ಹಾರ್, ವಾಜಿದ್ ಜೈನ್” ಎಂದನಂತೆ ಅವನು. ಅರಬ್ಬಿಯಲ್ಲಿ ಐನ್ ಎಂದರೆ ನೀರಿನ ಬುಗ್ಗೆ. ಕಣ್ಣಿಗೂ ಅದೇ ಮಾತು. ಬಿಸಿ ಬುಗ್ಗೆ, ಬಹಳ ಚೆನ್ನಾಗಿದೆ ಎಂದಷ್ಟೇ ಅವನು ಹೇಳಿದ್ದು. ಆದರೆ ಅಪ್ಪ ಆ ಪದವನ್ನು ಕಲಿತದ್ದು ಕಣ್ಣಿನ ಡಾಕ್ಟರ ಬಾಗಿಲಲ್ಲಿ. ಬೂಟು ಬಿಚ್ಚದೆ ಒಳಗೆ ಬಂದ: “ಬಿಸಿನೀರು ಐತಂತ. ಕಣ್ಣಿಗೆ ಭಾಳ ಚಲೋ ಅಂತ. ಅರಬರ ಹೇಳ್ಯಾರ!”

ಪ್ಲೈವುಡ್ಡಿನ ಆಚೆ ಎಲ್ಲ ಕೇಳಿಸಿಕೊಂಡಿದ್ದ ಶೇಖರಣ್ಣ ಬಂದು ನಿಂತರು. ಅವರಿಗೆ ಅರಬ್ಬಿ ಚೆನ್ನಾಗಿ ಬರುತ್ತಿತ್ತು. “ಅಲ್ಲ ಮಾರಾಯ್ರೆ, ಐನ್ ಅಂದ್ರೆ...” ಎಂದವರು ಅಪ್ಪನ ಮುಖ ನೋಡಿ ನಿಲ್ಲಿಸಿದರು. “ಎಂತ ಇಲ್ಲ. ಶುಕ್ರವಾರ ನನ್ನ ಪಿಕಪ್ ಉಂಟಲ್ಲ, ಹೋಗುವ.”

ಹೋದೆವು. ಎಂದೋ ಎಣ್ಣೆಗೆಂದು ಕೊರೆದು ಬಿಟ್ಟ ಬಾವಿಯ ತುಕ್ಕು ಹಿಡಿದ ಪೈಪು ನೆಲದಿಂದ ಮೇಲೆದ್ದು, ಕೆಮ್ಮಿ ಕೆಮ್ಮಿ ಬಿಸಿನೀರನ್ನು ಚಿಮ್ಮಿಸುತ್ತಿತ್ತು. ಸುತ್ತ ಹಳದಿ ಪಾಚಿ, ಕೊಳೆತ ಮೊಟ್ಟೆಯ ವಾಸನೆ, ಹಬೆ. ನನ್ನ ಪುಸ್ತಕದ ಗೀಸರ್ ಇಷ್ಟು ಬಡಕಲಾಗಿರಲಿಲ್ಲ. ಈ ಪೈಪು ಸಿಡಿದರೆ ಯಾವ ಕಡೆ ಓಡುವುದೆಂದು ನಾನು ಆಗಲೇ ಯೋಚಿಸುತ್ತಿದ್ದೆ. ಅಪ್ಪ ಟವೆಲ್ ನೆನೆಸಿ, ಹಿಂಡಿ, ತನ್ನ ಕೆನ್ನೆಗೆ ತಾಗಿಸಿ ನೋಡಿ, ಅವ್ವನ ಮುಚ್ಚಿದ ರೆಪ್ಪೆಗಳ ಮೇಲೆ ಇಟ್ಟ. ತೆಗೆದ. “ಈಗ?” ಮತ್ತೆ ನೆನೆಸಿದ. “ಈಗ ಹೆಂಗೈತಿ? ಏ, ಸ್ವಲ್ಪರ ಹೇಳ.” ಅವನ ಕೈ ಮೊಣಕೈವರೆಗೆ ಕೆಂಪಾಗಿತ್ತು. ಅವ್ವನ ಕುಂಕುಮ ಕರಗಿ ಮೂಗಿನ ಮೇಲೆ ಇಳಿದಿತ್ತು. “ಹಗುರಾತು,” ಎಂದಳು ಕೊನೆಗೆ, “ಸಾಕು ಮಾಡ್ರಿ, ನಿಮ್ಮ ಕೈ ಸುಟ್ಟೀತು.” ಶೇಖರಣ್ಣ ನಮಗೆ ಬೆನ್ನು ತಿರುಗಿಸಿ, ಪಿಕಪ್ಪಿನ ಒರೆಸಿದ್ದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.

ವಾಪಸು ಬರುವಾಗ ಶಹಾನಿಯಾದ ಬೇಲಿಯ ಬಳಿ ಗಾಡಿ ನಿಲ್ಲಿಸಿದೆವು. ತಂತಿಯ ಆಚೆ ಒಂಟಿ ಓರಿಕ್ಸ್, ಸುಣ್ಣ ಬಳಿದಂತೆ ಬಿಳಿ, ನಮಗೆ ಪೂರ್ತಿ ಅಡ್ಡಲಾಗಿ ನಿಂತಿತ್ತು. ಹಾಗೆ ನಿಂತಾಗ ಅದರ ಎರಡು ಕೊಂಬುಗಳೂ ಒಂದರ ಹಿಂದೊಂದು ಅಡಗಿ, ನೆತ್ತಿಯ ಮೇಲೆ ಒಂದೇ ನೀಳ ಕೊಂಬಿರುವಂತೆ ಕಾಣುತ್ತದೆ.

“ಕಾಣಾಕತ್ತೈತೇನ?” ಅಪ್ಪ ಕೇಳಿದ.

“ಕಾಣಾಕತ್ತೈತಲ್ಲ. ಬೆಳ್ಳಗೈತಿ.” ಬಿಳಿ ಎಂದು ನಾನು ಆಗಲೇ ಕೂಗಿದ್ದೆ.

“ಕೊಂಬು ಎಷ್ಟು?”

ಅವ್ವ ಕತ್ತು ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದಳು. “ಎರಡು.”

ಒಂದು ಎನ್ನಲು ನಾನು ಬಾಯಿ ತೆರೆದೆ. ಅಪ್ಪನ ಅಂಗೈ ನನ್ನ ನೆತ್ತಿಯ ಮೇಲೆ ಬಂತು. ಇನ್ನೂ ಬೆಚ್ಚಗಿತ್ತು, ಆ ವಾಸನೆಯಿತ್ತು. “ಹೌದು,” ಎಂದ, “ಎರಡ.” “ಎರಡೇ ಅಲ್ವಾ ಅಕ್ಕ,” ಎಂದರು ಶೇಖರಣ್ಣ, ಗಾಡಿ ಚಾಲೂ ಮಾಡುತ್ತ.

ಆಮೇಲೆ ಅಪ್ಪ ಬೇರೆ ಯಾವ ನೀರನ್ನೂ ಹುಡುಕಲಿಲ್ಲ. ಅವ್ವ ಮಾತ್ರ ಮನೆಗೆ ಬಂದವರಿಗೆಲ್ಲ ನಮ್ಮ ನ್ಯಾಷನಲ್ ಪಾರ್ಕಿನ ವರ್ಣನೆ ಮಾಡುತ್ತಿದ್ದಳು: ಅಡವಿಯ ಗೀಸರ್, ಅದರ ಹಬೆ, ಎರಡು ಕೊಂಬಿನ ಬೆಳ್ಳನೆಯ ಪ್ರಾಣಿ. ಪ್ರತಿ ಸಲವೂ ಒಳಗಿನಿಂದ ಅಪ್ಪನ “ಹೌದು” ಬರುತ್ತಿತ್ತು. ಈಗ ಆ ವಿಲ್ಲಾ ಇಲ್ಲ, ಸೀನಿದರೆ ಹರಸುವ ಗೋಡೆಯಿಲ್ಲ. ಆ ಕತೆ ಹೇಳುವವಳಿಲ್ಲ, ಹೌದು ಎನ್ನುವವನೂ ಇಲ್ಲ. ವಾಸನೆ ಹೋಗುವವರೆಗೂ ನೀರು ಹರಿಯಲು ಬಿಡಬೇಕು ಎಂದು ಮೊನ್ನೆ ಬಚ್ಚಲಿನ ಹೊರಗಿನಿಂದ ಗಂಡ ಕೂಗಿ ಹೇಳಿದ. ಹೌದು ಎಂದೆ. ಎಂದು, ನಲ್ಲಿ ಮುಚ್ಚಿದೆ.