ಕರಿಜಾಲಿಯ ಹೆಸರು

ಮೊನ್ನೆ ಬೆಳಿಗ್ಗೆ ಚಳ್ಳಕೆರೆಯ ನನ್ನ ಅಂಗಡಿಯ ಎದುರು ಲೈನ್‌ಮನ್‌ಗಳು ಬಂದು, ತಂತಿಗೆ ತಾಗುತ್ತಿದ್ದ ಕರಿಜಾಲಿಯ ಕೊಂಬೆಯೊಂದನ್ನು ಕಡಿದು ಹೋದರು. ಕಡಿದ ಜಾಗದಿಂದ ಒಗರು ವಾಸನೆ ಬಂತು. ವಾಸನೆಯನ್ನು ಒಗರು ಎನ್ನಬಹುದೋ ಇಲ್ಲವೋ ತಿಳಿಯದು. ಒಗರು ನಾಲಿಗೆಗೆ ಸೇರಿದ್ದು. ಆದರೆ ನೀವು ಎಂದಾದರೂ ಹಸಿ ಜಾಲಿ ಚಕ್ಕೆಯನ್ನು ಮೂಸಿದ್ದರೆ ನನ್ನ ಮಾತು ಒಪ್ಪುತ್ತೀರಿ. ಪೆನ್ಸಿಲ್ ಡಬ್ಬಿ ಜೋಡಿಸುತ್ತಿದ್ದವನು ಅದನ್ನು ಬಿಟ್ಟು ಸ್ಟೂಲಿನ ಮೇಲೆ ಕುಳಿತೆ. ಗಿರಾಕಿಯೊಬ್ಬರು ಚಾಚಿದ ನೋಟು ತೆಗೆದುಕೊಳ್ಳಲೂ ಮರೆತೆ. ಅವರು, "ಬಿಪಿ ಐತೇನ್ರೀ?" ಎಂದು ಕೇಳಿದರು. ಮರದ ವಾಸನೆಗೆ ಹೀಗಾಯಿತೆಂದರೆ ಇನ್ನೇನು ತಿಳಿದುಕೊಳ್ಳುತ್ತಾರೋ ಎಂದು, "ಹೂಂ, ಸ್ವಲ್ಪ" ಎಂದೆ.

ಆ ವಾಸನೆ ಮೊಳಕಾಲ್ಮೂರಿನ ನನ್ನ ಚಿಗವ್ವನ ಮನೆಯದು. ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಅವಳ ಗಂಡ ಚಿಗಪ್ಪ ಗುಂಡಿಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಗುಂಡಿಮಗ್ಗ ನೋಡದವರಿಗೆ ಹೇಳಬೇಕು: ನೇಕಾರ ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾನೆ, ಮೇಲೆ ಕೈ ಲಾಳಿ ಎಸೆಯುತ್ತದೆ, ಕೆಳಗೆ ಕಾಲು ಹಲಗೆ ತುಳಿಯುತ್ತದೆ. ಚಿಕ್ಕವನಿದ್ದಾಗ ರಜೆಗೆ ಹೋದರೆ ಚಿಗಪ್ಪ ಸೊಂಟದಿಂದ ಮೇಲಕ್ಕಷ್ಟೇ ಕಾಣುತ್ತಿದ್ದರು. ಅವರಿಗೆ ಕಾಲುಗಳೇ ಇಲ್ಲವೆಂದು ನಾನು ತುಂಬ ದಿನ ನಂಬಿದ್ದೆ. ಅವರು ಎದ್ದು ನಿಂತ ಮೊದಲ ಸಲ ಹೆದರಿ ಅತ್ತೆನಂತೆ.

ಚಿಗವ್ವ ಬೀದಿಯವರ ಗಾಯಗಳಿಗೆ ಮದ್ದು ಹಾಕುತ್ತಿದ್ದಳು. ಅದು ತನ್ನ ಅತ್ತೆಯಿಂದ ಬಂದ ವಿದ್ಯೆ. ವಿದ್ಯೆಯ ಜೊತೆಗೇ ಬಂದ ಕಟ್ಟಳೆ. ಬೆಳಕು ಹರಿಯುವ ಮುಂಚೆ ಯಾರನ್ನೂ ಮಾತಾಡಿಸದೆ ಹೋಗಿ ಮರದ ಚಕ್ಕೆ ಕಿತ್ತು ತರಬೇಕು. ಗಾಯ ಮಾಯುವ ತನಕ ಆ ಮರದ ಹೆಸರು ಎತ್ತಬಾರದು. ಎತ್ತಿದರೆ ಮದ್ದು ಹತ್ತುವುದಿಲ್ಲ. ಹೀಗಾಗಿ ಅದು ಬೇವು ಎಂದು ಕೆಲವರು, ತಂಗಡಿ ಎಂದು ಕೆಲವರು ತಿಳಿದಿದ್ದರು. ನಾನು ಹೊಂಗೆಯ ಪಕ್ಷ. ಚಿಗಪ್ಪ ಮಗ್ಗದಲ್ಲಿ ಕೂತೇ ರೇಗಿಸುತ್ತಿದ್ದರು: "ನನ್ನ ಹೆಸರೂ ಹೇಳಲ್ಲ, ಮರದ ಹೆಸರೂ ಹೇಳಲ್ಲ. ಇಬ್ಬರಲ್ಲಿ ಯಾರೇ ನಿನ್ನ ಗಂಡ?"

"ನೆರಳು ಕೊಡೋದು ಅದೇನೆ," ಎನ್ನುತ್ತಿದ್ದಳು ಚಿಗವ್ವ.

ಕೆಲವು ವರ್ಷಗಳ ಹಿಂದೆ ಚಿಗಪ್ಪನ ಅಂಗಾಲಿಗೆ ಮುಳ್ಳು ಹೊಕ್ಕಿತು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದರಿಂದ ಅವರಿಗೆ ತಿಳಿಯಲೇ ಇಲ್ಲ. ಕೀವಾದ ಮೇಲೆ ಚಿಗವ್ವ ತನ್ನ ಕಷಾಯದಲ್ಲಿ ಪಾದ ತೊಳೆದು, ಅದರಲ್ಲೇ ಅದ್ದಿದ ಬಟ್ಟೆ ಸುತ್ತತೊಡಗಿದಳು. ಬಾವು ಕಣಕಾಲಿಗೆ ಏರಿದಾಗ ನನಗೆ ಫೋನ್ ಬಂತು. ಕಾರು ಮಾಡಿಕೊಂಡು ಇಬ್ಬರನ್ನೂ ಚಿತ್ರದುರ್ಗದ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರಮ್ಮ ಬಟ್ಟೆ ಬಿಚ್ಚಿದರು. ಐದೂ ಬೆರಳು, ಅರ್ಧ ಅಂಗಾಲು, ಮಸಿ ಬಳಿದಂತೆ ಕಪ್ಪಾಗಿದ್ದವು. ಅವರು ಒಂದೊಂದೇ ಬೆರಳನ್ನು ಒತ್ತಿ ನೋಡಿದರು.

"ಬೆರಳುಗಳು ಸತ್ತಿರೋ ಹಾಗಿವೆ," ಎಂದರು. "ಪಾದದ ಮುಂಭಾಗ ತೆಗೆಯಬೇಕಾಗಬಹುದು. ಇದಕ್ಕೆ ಏನು ಹಚ್ಚಿದ್ದೀರಿ?"

"ಏನಿಲ್ರೀ," ಎಂದಳು ಚಿಗವ್ವ.

"ಯಾವುದೋ ಚಕ್ಕೆ ನೀರು ಮೇಡಂ, ಯಾವುದಂತ ನಮಗೆ ಯಾರಿಗೂ ಹೇಳಲ್ಲ," ಎಂದೆ.

"ನೋಡಿ ಅಮ್ಮ, ನಾನು ಬೈಯಲ್ಲ. ಏನು ಹಾಕಿದೀರಿ ಅಂತ ಗೊತ್ತಾಗದಿದ್ರೆ ನನಗೆ ಬರೀ ಕಪ್ಪು ಕಾಣುತ್ತೆ. ಸತ್ತದ್ದು ಯಾವುದು, ಬದುಕಿರೋದು ಯಾವುದು ಅಂತ ಹೇಗೆ ಹೇಳಲಿ?"

ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳದು ಹಟ ಎಂದು ಮೊದಲು ನನಗೆ ಸಿಟ್ಟು ಬಂತು. ಮುಖ ನೋಡಿದ ಮೇಲೆ ತಿಳಿಯಿತು, ಅದು ಹಟವಲ್ಲ, ಭಯ. ಹೆಸರು ಹೇಳಿದರೆ ಮದ್ದು ಬಿಟ್ಟು ಹೋಗಿ ಗಂಡನ ಕಾಲು ಹೋಗುತ್ತದೆ. ಹೇಳದಿದ್ದರೆ ಡಾಕ್ಟರು ತೆಗೆಯುತ್ತಾರೆ. ಮಂಚದ ಮೇಲಿಂದ ಚಿಗಪ್ಪ, "ಚೆಪ್ಪವೇ," ಎಂದರು. ಹೇಳೇ, ಎಂದು. ಮನೆಯೊಳಗೆ ಅವರ ಮಾತು ಅರ್ಧ ತೆಲುಗು. "ಕಾಲಿಲ್ದೆ ಮಗ್ಗ ಹೆಂಗೆ ತುಳೀಲಿ?" ಚಿಗವ್ವ ಆಗದೆಂದು ತಲೆಯಾಡಿಸಿ ಅತ್ತಳು.

ವಾರ್ಡಿನಲ್ಲಿ ಡಾಕ್ಟರ ಜೊತೆ ಫಾರ್ಮಸಿ ಓದುವ ಹುಡುಗಿಯೊಬ್ಬಳಿದ್ದಳು. ಹೆಸರು ಆಮ್ನಾ, ಸುಡಾನ್ ದೇಶದವಳು, ಕನ್ನಡವನ್ನು ಹಾಸ್ಟೆಲಿನ ಅಡಿಗೆಯವರಿಂದ ಕಲಿತವಳು. ಬಿಚ್ಚಿದ ಬಟ್ಟೆಯನ್ನು ಕೈಗವಸಿನಲ್ಲಿ ಎತ್ತಿ ತೆಗೆದಿಡುತ್ತಿದ್ದವಳು ತಟ್ಟನೆ ನಿಂತು ಮೂಸಿದಳು. ಫೋನ್ ತೆಗೆದು ಒಂದು ಚಿತ್ರ ಹುಡುಕಿ ಚಿಗವ್ವನ ಮುಂದೆ ಹಿಡಿದಳು. ಮಣಿ ಪೋಣಿಸಿದಂತಹ ಬೂದು ಬಣ್ಣದ ಕಾಯಿ.

"ಅಮ್ಮಾ, ಈ ಮರಾನಾ? ನಮ್ಮ ದೇಶದಲ್ಲಿ ಈ ಕಾಯಿಗೆ ಗರದ್ ಅಂತೀವಿ. ನನ್ನ ಅಜ್ಜಿ ಗಾಯಕ್ಕೆ ಹಾಕ್ತಾಳೆ. ಗಂಟಲು ನೋವಿಗೂ ಕೊಡ್ತಾಳೆ."

ಚಿಗವ್ವ ಸೆರಗು ಇಳಿಸಿ ಚಿತ್ರ ನೋಡಿದಳು. "ನಿಮ್ಮೂರಾಗೂ ಐತಾ?"

"ನದಿ ದಂಡೆ ತುಂಬ."

"ನಿಮ್ಮಜ್ಜಿ ಹೆಸರು ಹೇಳ್ತಾಳಾ?"

"ಜೋರಾಗಿ ಹೇಳ್ತಾಳೆ. ಇಲ್ಲಾಂದ್ರೆ ಅಂಗಡಿಯವನು ಬೇರೆ ಏನೋ ಕಟ್ಟಿ ಕೊಡ್ತಾನೆ."

ಚಿಗವ್ವ ನನ್ನ ಕಡೆ ತಿರುಗಿದಳು. "ಈ ಹುಡುಗಿ ಹೇಳಿದ್ಲು ಕಣೋ. ಮೊದ್ಲು ನಾನು ಹೇಳ್ಲಿಲ್ಲ. ನೀನೇ ಸಾಕ್ಷಿ." ಆಮೇಲೆ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿದಳು: "ಕರಿಜಾಲಿ ಚಕ್ಕೆ ಕಣ್ರೀ ಡಾಕ್ಟ್ರೇ. ಕಬ್ಬಿಣದ ಬಾಂಡ್ಲಿಯಾಗೆ ನೆನೆಹಾಕಿ ಕುದಿಸ್ತೀನಿ."

"ಕಬ್ಬಿಣದ್ದಾ?" ಡಾಕ್ಟರಮ್ಮ ಬಗ್ಗಿ ಮತ್ತೆ ನೋಡಿದರು. ಆ ಚಕ್ಕೆಯ ಒಗರು ಕಬ್ಬಿಣದ ಜೊತೆ ಸೇರಿದರೆ ಶಾಯಿಯಂತೆ ಕಪ್ಪಾಗುತ್ತದಂತೆ. ಹತ್ತಿ ಒದ್ದೆ ಮಾಡಿ ಉಜ್ಜಿದರು, ಅಲ್ಲಲ್ಲಿ ಹೆರೆದರು, ಪ್ರತಿ ಬೆರಳಿಗೂ ಸೂಜಿ ಚುಚ್ಚಿದರು. ಹೆಬ್ಬೆರಳಿನಲ್ಲಿ ಕೆಂಪು ರಕ್ತ ಜಿನುಗಿತು. ಅದರ ಪಕ್ಕದ್ದರಲ್ಲಿ, ಅದರ ಪಕ್ಕದ್ದರಲ್ಲಿ. ರಕ್ತ ಕಂಡು ಅಷ್ಟು ಸಮಾಧಾನ ನನಗೆ ಹಿಂದೆಂದೂ ಆಗಿರಲಿಲ್ಲ. ಕಿರುಬೆರಳು ಮಾತ್ರ ಎಷ್ಟು ಉಜ್ಜಿದರೂ ಕಪ್ಪಾಗಿಯೇ ಉಳಿಯಿತು. ಅದು ನಿಜಕ್ಕೂ ಸತ್ತಿತ್ತು; ಅದೊಂದನ್ನು ತೆಗೆದರು. ಅಂಗಾಲಿನೊಳಗೆ ಮುರಿದು ಕೂತಿದ್ದ ಮುಳ್ಳಿನ ತುದಿಯೂ ಹೊರಬಂತು.

ಮದ್ದು ಗೆದ್ದಿತೆಂದು ನಾನು ಹೇಳಲಾರೆ. ಪಾದ ಉಳಿದದ್ದು ಇಂಜೆಕ್ಷನ್ನಿನಿಂದ, ಸಕ್ಕರೆ ಹತೋಟಿಗೆ ಬಂದದ್ದರಿಂದ. ಹಾಗಾದರೆ ಚಕ್ಕೆ ಸುಳ್ಳೇ ಎಂದು ಡಾಕ್ಟರಮ್ಮನನ್ನು ಕೇಳಿದೆ. "ಸುಳ್ಳಲ್ಲ. ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಕೆಲವು ರೋಗಾಣುಗಳನ್ನ ಅದು ತಡೆಯುತ್ತೆ. ಆದ್ರೆ ನಿಮ್ಮ ಚಿಗಪ್ಪನ ಪಾದ ಗಾಜಿನ ತಟ್ಟೆ ಅಲ್ಲವಲ್ಲ. ಮೇಲೆ ತೊಳೆದದ್ದು ಒಳಗಿನ ಮುಳ್ಳಿಗೆ ಹೇಗೆ ಮುಟ್ಟಬೇಕು?" ಎಂದರು. ಅದು ಹೊಂಗೆಯೆಂದೇ ನಾನು ಇಷ್ಟು ದಿನ ನಂಬಿದ್ದನ್ನು ಅವರಿಗೆ ಹೇಳಲಿಲ್ಲ.

ಮೊನ್ನೆ ಆ ವಾಸನೆ ಬಂದ ಮೇಲೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಮಧ್ಯಾಹ್ನವೇ ಬಾಗಿಲು ಹಾಕಿ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಒಳಗೆ ಮಗ್ಗದ ಸದ್ದು ನಡೆದಿತ್ತು. ಜಗಲಿಯ ಮೇಲೆ ಪಕ್ಕದ ಮನೆಯ ಹೆಂಗಸು ಮೊಣಕಾಲಿನ ಕೆಳಗಿನ ಹುಣ್ಣು ತೋರಿಸುತ್ತ ಕುಳಿತಿದ್ದಳು.

"ಸಕ್ಕರೆ ಐತೇನೇ ನಿಂಗೆ?" ಎಂದು ಕೇಳುತ್ತಿದ್ದಳು ಚಿಗವ್ವ.

"ಐತೆ ಕಣಕ್ಕ."

"ಹಂಗಾರೆ ಮೊದ್ಲು ಆಸ್ಪತ್ರೆ. ನಿನ್ನೆ ತೊಳೆದಿದೀನಲ್ಲ, ಏನು ಹಾಕಿದ್ದೆ ಅಂತ ಕೇಳ್ತಾರೆ. ಕರಿಜಾಲಿ ಚಕ್ಕೆ, ಮಣ್ಣಿನ ಮಡಕೆಯಾಗೆ ಕುದಿಸಿದ್ದು ಅಂತ ಹೇಳು."

"ಹೆಸರು ಎತ್ತಿದ್ರೆ ಹತ್ತಲ್ಲ ಅಂತಿದ್ದೆಯಲ್ಲಕ್ಕ?"

"ಅಂತಿದ್ದೆ. ಈಗ ಹೇಳು ಅಂತೀನಿ. ನನ್ನ ಮುಂದೆ ಒಂದ್ಸಲ ಹೇಳು, ನೋಡಾನ."

ಆ ಹೆಂಗಸು ಬೀದಿಯ ಆಚೀಚೆ ನೋಡಿದಳು. ನನ್ನನ್ನೂ ನೋಡಿದಳು. ಆಮೇಲೆ ತುಟಿಯೊಳಗೇ, "ಕರಿಜಾಲಿ," ಎಂದಳು.

"ಇನ್ನೂ ಜೋರಾಗಿ ಹೇಳೇ," ಎಂದಳು ಚಿಗವ್ವ. "ಡಾಕ್ಟ್ರು ದೂರ ಕೂತಿರ್ತಾರೆ."