ಸ್ವೆಟರ್ ಕಾಲದ ಏಳು ಗೋಲು

ಹನೂರಿನ ಬಸ್ ನಿಲ್ದಾಣದ ಎದುರಿಗಿರುವ ಯಾವ ಟೀ ಅಂಗಡಿಯಲ್ಲಾದರೂ ಕೂತು ನೋಡಿ. ಎರಡನೆಯ ಲೋಟ ಮುಗಿಯುವುದರೊಳಗೆ ಯಾರಾದರೊಬ್ಬರು ನಿಮಗೆ ಆ ಏಳು ಗೋಲುಗಳ ಕಥೆಯನ್ನು ಹೇಳಿಯೇ ಹೇಳುತ್ತಾರೆ. ಹೇಳುವವರು ಬದಲಾಗುತ್ತಾರೆ, ಕೇಳುವವರು ಬದಲಾಗುತ್ತಾರೆ, ಟೀಯ ನೀರು ಮತ್ತು ಕಥೆಯ ವಾಕ್ಯ ಮಾತ್ರ ಬದಲಾಗುವುದಿಲ್ಲ: "ಇಂಟರ್‌ನ್ಯಾಷನಲ್ ಟೂರ್ನಮೆಂಟಲ್ಲಿ ಫಾರಿನ್ ಟೀಮ್‌ಗೆ ಏಳು ಗೋಲು ಒಡ್ದು ಮ್ಯಾಲಿನ ಡಿವಿಜನ್ನಿಗೆ ಏರುದ್ವಿ ಕಣ್ಲಾ!" ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಒಂದೇ ಉತ್ಸಾಹದಿಂದ ಮಾತಾಡಿ ಸ್ಟೀಲ್ ಲೋಟ, ಸ್ಟೀಲ್ ತಟ್ಟೆಗಳನ್ನು ಗೆದ್ದು ತಂದು ಅಮ್ಮನ ಅಡಿಗೆಮನೆಯನ್ನು ತುಂಬಿಸಿದ ನನ್ನಂಥವನಿಗೆ ಇಂಥ ವಾಕ್ಯ ಕಿವಿಗೆ ಬಿದ್ದರೆ ನಾಲಿಗೆ ತುರಿಸದೆ ಇರುವುದಿಲ್ಲ. ಒಂದೇ ವಾಕ್ಯದಲ್ಲಿ ಇಷ್ಟೊಂದು ಅಸತ್ಯವನ್ನು ಇಷ್ಟು ಸಂತೋಷದಿಂದ ಹೇಳುವುದು ನಮ್ಮೂರಿಗೆ ಮಾತ್ರ ಸಾಧ್ಯ.

ಮೊದಲನೆಯದಾಗಿ, ಅದು ಇಂಟರ್‌ನ್ಯಾಷನಲ್ ಆದದ್ದು ಹೇಗೆ? ಕೊಳ್ಳೇಗಾಲದ ನಾಲ್ಕಾರು ಉತ್ಸಾಹಿಗಳು ಹನೂರು, ಯಳಂದೂರುಗಳನ್ನು ಸೇರಿಸಿಕೊಂಡು ಆರಂಭಿಸಿದ ಪಂದ್ಯಾವಳಿ ಅದು. ಪಾಲಾರಿನ ಆಚೆ ದಡದ ತಮಿಳು ಹಳ್ಳಿಯವರು ತಾವೂ ಆಡುತ್ತೇವೆಂದು ಬಂದ ವರ್ಷ ಬ್ಯಾನರಿನ ಮೇಲೆ 'ಅಂತರರಾಜ್ಯ' ಎಂಬ ಪದ ಕಾಣಿಸಿಕೊಂಡಿತು; ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿನವರು ಬಂದ ವರ್ಷ ಬ್ಯಾನರ್ ಬರೆಯುವವನು ಯಾರನ್ನೂ ಕೇಳದೆ ಅದಕ್ಕೆ 'ಅಂತರರಾಷ್ಟ್ರೀಯ' ಎಂದು ಬಡ್ತಿ ಕೊಟ್ಟ. ನಿಜ ಹೇಳಬೇಕೆಂದರೆ, ಗಡಿ ದಾಟುವ ಕಷ್ಟವನ್ನು ಅನುಭವಿಸಿದವರು ಪಾಲಾರಿನವರು ಮಾತ್ರ. ಕಾಡುಗಳ್ಳನಿಗಾಗಿ ಪೊಲೀಸರು ಬಲೆ ಬೀಸಿದ್ದ, ಕಾಡಿನ ದಿಕ್ಕಿನಿಂದ ಬರುವ ಯಾವ ಚೀಲವನ್ನೂ ಯಾರೂ ನಂಬದಿದ್ದ ಕಾಲ. ದಾರಿಯ ಒಂದು ಚೆಕ್‌ಪೋಸ್ಟಿನಲ್ಲಿ ಅವರ ಚೆಂಡಿನೊಳಗೆ ಏನಿದೆಯೆಂದು ತಿಳಿಯಲು ಗಾಳಿ ಬಿಡಿಸಿ ನೋಡಿದರಂತೆ. ಒಳಗೆ ಗಾಳಿಯೇ ಇತ್ತೆಂದು ಸಾಬೀತಾಗುವ ಹೊತ್ತಿಗೆ ಪಂದ್ಯದ ಮೊದಲರ್ಧದ ಸಮಯ ಮುಗಿದಿತ್ತು.

ಈ ಅಂತರರಾಷ್ಟ್ರೀಯತೆಯೊಳಗೆ ಮತ್ತೆ ಎರಡು ವರ್ಣಗಳಿದ್ದವು. ಬೂಟು ಇದ್ದ ತಂಡಗಳು ಮೇಲಿನ ಡಿವಿಜನ್ನು, ಬೂಟನ್ನು ಹಂಚಿಕೊಂಡು ಹಾಕಿಕೊಳ್ಳುವ ತಂಡಗಳು ಕೆಳಗಿನ ಡಿವಿಜನ್ನು. ಮೇಲಿನವರು ಮೈಸೂರಿನ ಹುಲ್ಲಿನ ಮೈದಾನದಲ್ಲಿ ಆಡುತ್ತಿದ್ದರು. ನಾವು, ಯಳಂದೂರಿನವರು, ಪಾಲಾರಿನವರು ಮತ್ತು ಕ್ಯಾಂಪಿನವರು ಎಮ್ಮೆಗಳ ಅನುಮತಿ ಪಡೆದು ಸಿಕ್ಕಲ್ಲಿ ಆಡುತ್ತಿದ್ದೆವು. 'ಆಡುತ್ತಿದ್ದೆವು' ಎಂಬ ಬಹುವಚನದಲ್ಲಿ ನನ್ನನ್ನು ಸೇರಿಸಿಕೊಂಡದ್ದು ಉದ್ಧಟತನ. ಚೆಂಡಿನೊಂದಿಗೆ ನನಗಿದ್ದ ಸಂಬಂಧವೆಂದರೆ ವಿರಾಮದಲ್ಲಿ ಅದರ ಮೇಲೆ ಕೂರುವುದು. ಅಕ್ಷರ ದುಂಡಗಿದೆ, ಬಾಯಿ ಚೂಪಾಗಿದೆ ಎಂಬ ಎರಡು ಅರ್ಹತೆಗಳಿಂದ ನಾನು ಹನೂರು ತಂಡದ ಕಾರ್ಯದರ್ಶಿಯಾಗಿದ್ದೆ. ಪಂದ್ಯಾವಳಿ ಸಮಿತಿಯ ಪತ್ರಗಳನ್ನು ಬರೆಯುವ ಕೆಲಸವೂ ಅದೇ ಕಾರಣಕ್ಕೆ ನನ್ನ ತಲೆಗೆ ಬಿದ್ದಿತ್ತು.

ಎರಡನೆಯದಾಗಿ, ಫಾರಿನ್. ಕ್ಯಾಂಪಿನ ತಂಡದ ನಾಯಕನೂ ಗೋಲ್‌ಕೀಪರನೂ ಆಗಿದ್ದ ತೆಂಜಿನ್ ನನ್ನ ಸಹಪಾಠಿ. ಹುಟ್ಟಿದ್ದು ಕೊಳ್ಳೇಗಾಲದ ಆಸ್ಪತ್ರೆಯಲ್ಲಿ, ನಾನು ಹುಟ್ಟಿದ ವರ್ಷದಲ್ಲೇ. ರಾಗಿಮುದ್ದೆಯನ್ನು ನನಗಿಂತ ಚೆನ್ನಾಗಿ ನುಂಗುತ್ತಿದ್ದ. ನಾನು ಅಗಿಯುತ್ತಿದ್ದೆ, ಅದಕ್ಕೆ ಅವನೇ ನಗುತ್ತಿದ್ದ. ಕಾಗದದ ಮೇಲೆ ಅವನು ವಿದೇಶಿಯೇ, ಅದನ್ನು ಒಪ್ಪುತ್ತೇನೆ. ಆದರೆ ಯಾವ ದೇಶದಿಂದ ಬಂದ ವಿದೇಶಿ ಎಂದು ಕೇಳಿದರೆ ಅವನು ಒಮ್ಮೆಯೂ ನೋಡಿರದ ಒಂದು ಪರ್ವತದ ಕಡೆಗೆ ಕೈ ತೋರಿಸಬೇಕಾಗುತ್ತಿತ್ತು. ಹನೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನಗೂ ಸೀಟು ಹಿಡಿದಿರುತ್ತಿದ್ದ. ಆ ವರ್ಷ, ಕೆಳಗಿನ ಡಿವಿಜನ್ನಿನಲ್ಲಿ ಅವರ ತಂಡ ಒಂದು ಪಂದ್ಯವನ್ನೂ ಸೋಲದೆ ಮೇಲೆ ನಿಂತಿದ್ದಾಗ, ಅದೇ ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕೂತು ಅವನು ನನಗೊಂದು ಗುಟ್ಟು ಹೇಳಿದ. ಅವರ ಜನ ತಮ್ಮದೇ ಒಂದು ತಂಡ ಕಟ್ಟುತ್ತಿದ್ದಾರಂತೆ. ಹೊರದೇಶಕ್ಕೆ ಹೋಗಿ, ಬಾವುಟ ಹಿಡಿದು, ಬೇರೆ ದೇಶಗಳ ಜೊತೆ ಆಡುವ ತಂಡ. ಕೀಪರನನ್ನು ಹುಡುಕುತ್ತಿರುವವರು ಮೈಸೂರಿನ ಪಂದ್ಯಗಳಿಗೆ ಬರುತ್ತಾರಂತೆ.

"ಈ ಸಲ ಮ್ಯಾಲಕ್ಕೋದ್ರೆ ಸಾಕು ಕಣೋ, ನನ್ನ ನೋಡ್ತಾರೆ. ನೋಡುದ್ರೆ ಬುಡಾಕಿಲ್ಲ ನಾನು. ದೇಸದ್ ಪರವಾಗ್ ಆಡ್ತೀನಿ."

"ಯಾವ ದೇಶ?" ಎಂದೆ. ವಿರೋಧಪಕ್ಷದ ಅಭ್ಯಾಸ.

"ಆಡುದ್ ಮ್ಯಾಲೆ ಗೊತ್ತಾಯ್ತದೆ ಬುಡು" ಎಂದು ನಕ್ಕ. ಚರ್ಚೆಯಲ್ಲಿ ಆಗಿದ್ದರೆ ಆ ಉತ್ತರಕ್ಕೆ ನಾನು ಅಂಕ ಕೊಡುತ್ತಿರಲಿಲ್ಲ. ಈಗ ಎಲ್ಲ ಅಂಕಗಳನ್ನೂ ಅದಕ್ಕೇ ಕೊಡುತ್ತೇನೆ.

ಉಳಿದದ್ದು ಒಂದೇ ಪಂದ್ಯ: ಹನೂರು ಮತ್ತು ಕ್ಯಾಂಪು. ಸಮವಾದರೂ ಅವರು ಮೇಲಕ್ಕೆ; ನಾವು ಗೆದ್ದರೆ ಮಾತ್ರ ನಾವು. ಗೆಲ್ಲುವ ಸಾಧ್ಯತೆ ನಮಗೆ ಎಷ್ಟಿತ್ತೆಂದರೆ, ನಮ್ಮ ನಾಯಕ ಮಾದೇಶ ಎಲ್ಲ ದೇವರನ್ನೂ ಬಿಟ್ಟು ನನ್ನ ಮನೆಗೆ ಬಂದ. ಮಾದೇಶ ಟ್ರ್ಯಾಕ್ಟರ್ ಓಡಿಸುವವನು, ಚೆಂಡನ್ನೂ ಹಾಗೆಯೇ ಓಡಿಸುವವನು. "ಲೇ ಲಾಯ್ರು, ನೀನು ಆಡಾದೇನೂ ಬ್ಯಾಡ, ಮಾತಾಡು ಸಾಕು. ಏನಾರ ಒಂದು ದಾರಿ ಮಾಡ್ಲಾ" ಎಂದು ಜಗಲಿಯ ಮೇಲೆ ಕೂತುಬಿಟ್ಟ. ಅಪರೂಪಕ್ಕೆ ಒಬ್ಬ ಆಟಗಾರ ನನ್ನನ್ನು ತಂಡದವನೆಂದು ಎಣಿಸಿದ್ದ. ಆ ಹೆಮ್ಮೆಯಲ್ಲಿ, ಓದುಗರೇ, ನನ್ನ ಬಾಯಿಂದ ಒಂದು ಮಾತು ಜಾರಿತು.

ಕ್ಯಾಂಪಿನವರು ಅಕ್ಟೋಬರ್ ಬಂತೆಂದರೆ ಸ್ವೆಟರ್ ಮಾರಲು ಹೊರಡುತ್ತಾರೆ. ಹುಬ್ಬಳ್ಳಿ, ಮದರಾಸು, ಮೈಸೂರು, ಎಲ್ಲಿ ಫುಟ್‌ಪಾತಿದೆಯೋ ಅಲ್ಲಿ. ಚಳಿ ಮುಗಿದು ಅವರ ಹೊಸವರ್ಷ ಬರುವ ಹೊತ್ತಿಗೆ ವಾಪಸು. ಜೋಳ ಬೆಳೆದು ಉಣ್ಣುವವರಿಗೆ ಆ ನಾಲ್ಕು ತಿಂಗಳೇ ಕೈಗೆ ಕಾಸು ಕಾಣುವ ಕಾಲ, ಹಾಗಾಗಿ ಕೈಕಾಲು ಗಟ್ಟಿ ಇದ್ದವರು ಯಾರೂ ಉಳಿಯುವುದಿಲ್ಲ. "ಆವಾಗ ಕ್ಯಾಂಪಲ್ಲಿ ಮುದುಕ್ರು, ಲಾಮಾಗಳು, ನಾಯಿಗಳು ಅಷ್ಟೇ ಕಣೋ" ಎಂದು ತೆಂಜಿನ್ ಹಿಂದೊಮ್ಮೆ ಬಸ್ಸಿನಲ್ಲೇ ಹೇಳಿದ್ದ. ಅದನ್ನೇ ನಾನು ಮಾದೇಶನಿಗೆ ಹೇಳಿದೆ. ಅವನು ಜಗಲಿಯಿಂದ ಎದ್ದು ನಿಂತ. ಆಮೇಲೆ, "ಪಂದ್ಯ ಯಾವತ್ತು?" ಎಂದ. ಸೆಪ್ಟೆಂಬರಿನ ಕೊನೆ ಎಂದೆ. "ಆವತ್ತೇ ಯಾಕಾಗ್ಬೇಕು?" ಎಂದ.

ಸಮಿತಿಯ ಸಭೆ ಕೊಳ್ಳೇಗಾಲದ ಒಂದು ಶಾಲೆಯ ಕೊಠಡಿಯಲ್ಲಿ, ಮಕ್ಕಳ ಬೆಂಚುಗಳ ಮೇಲೆ ಮಂಡಿ ಮಡಿಸಿ ಕೂತು ನಡೆಯಿತು. ಅಧ್ಯಕ್ಷರು ನಿವೃತ್ತ ವ್ಯಾಯಾಮ ಶಿಕ್ಷಕರಾದ ಪುಟ್ಟಬಸಪ್ಪ ಮೇಷ್ಟ್ರು. ಯಳಂದೂರಿನ ಪ್ರತಿನಿಧಿ ಆರಂಭದಿಂದಲೇ ತೂಕಡಿಸುತ್ತಿದ್ದರು. ಕ್ಯಾಂಪಿನಿಂದ ಯಾರೂ ಬಂದಿರಲಿಲ್ಲ, ಎಲ್ಲ ಸಭೆಗಳಿಗೂ ಅವರು ನಿಮ್ಮ ತೀರ್ಮಾನವೇ ನಮ್ಮ ತೀರ್ಮಾನ ಎಂದು ಹೇಳಿ ಕಳಿಸುವವರು. ನಾನು ಎದ್ದು ನಿಂತು ಅಂಗಿಯ ತೋಳು ಸರಿಮಾಡಿಕೊಂಡೆ. ಮಳೆಯಿಂದ ಮೈದಾನ ಕೆಸರಾಗಿದೆ, ಕಾಲು ಮುರಿದರೆ ಯಾರು ಹೊಣೆ? ಮಳೆ ನಿಂತ ಮೇಲೆ ರಾಗಿ ಕುಯ್ಲು, ನಮ್ಮ ಆಟಗಾರರೆಲ್ಲ ರೈತರ ಮಕ್ಕಳು. ನಡುವೆ ಕಾಲೇಜಿನ ಪರೀಕ್ಷೆ, ಅದು ಎದುರಾಳಿ ತಂಡದ ನಾಯಕನಿಗೂ ಇದೆ, ಅವನ ಹಿತವನ್ನೂ ನಾವು ನೋಡಬೇಡವೇ? ಆದ್ದರಿಂದ ಡಿಸೆಂಬರ್. ಗಮನಿಸಿ: ಇದರಲ್ಲಿ ಒಂದಾದರೂ ಸುಳ್ಳಿದೆಯೇ? ಇಲ್ಲ. ನಿಜಗಳನ್ನಷ್ಟೇ ಆರಿಸಿ, ಒಪ್ಪವಾಗಿ ಜೋಡಿಸಿ, ಅವುಗಳಿಂದ ಒಂದು ಶುದ್ಧಾಂಗ ಮೋಸವನ್ನು ಕಟ್ಟಬಹುದು ಎಂಬುದನ್ನು ನಾನು ಕಲಿತದ್ದು ಅಂದೇ, ಕಲಿಸಿದ ಗುರುವೂ ನಾನೇ. "ಎದುರಾಳಿ ಬಗ್ಗೆನೂ ಯೋಚ್ನೆ ಮಾಡ್ತಾನೆ ನೋಡ್ರಯ್ಯ, ಇದು ಕ್ರೀಡಾಮನೋಭಾವ" ಎಂದು ಮೇಷ್ಟ್ರು ಮೇಜು ಕುಟ್ಟಿದರು. ಆ ಸದ್ದಿಗೆ ಯಳಂದೂರಿನವರು ಎಚ್ಚೆತ್ತು ಅನುಮೋದಿಸಿದರು.

ಕ್ಯಾಂಪಿಗೆ ಪತ್ರ ಬರೆದವನೂ ನಾನೇ. ದುಂಡಗಿನ ಅಕ್ಷರಗಳಲ್ಲಿ ಎಲ್ಲವನ್ನೂ ಬರೆದು, ಕೊನೆಯಲ್ಲಿ, ಯಾರೂ ಹೇಳದಿದ್ದರೂ, "ಆಕ್ಷೇಪಣೆಗಳಿದ್ದಲ್ಲಿ ಎಂಟು ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು" ಎಂಬ ಸಾಲನ್ನು ಸೇರಿಸಿದೆ. ಯಾಕೆ ಸೇರಿಸಿದೆ? ನ್ಯಾಯವಾಗಿ ಕಾಣಲಿ ಎಂದೋ, ಅವನು ಬರೆಯಲಿ ಎಂದೋ, ಎರಡನ್ನೂ ನನ್ನ ಮುಂದೆ ನಾನೇ ವಾದಿಸಿದ್ದೇನೆ, ಎರಡು ಕಡೆಯೂ ಗೆದ್ದಿದ್ದೇನೆ. ಎಂಟು ದಿನ ಬೆಳಗಿನ ಬಸ್ಸನ್ನು ಬಿಟ್ಟು ಅದರ ನಂತರದ ಬಸ್ಸಿಗೆ ಹೋದೆ. ಒಂಬತ್ತನೆಯ ದಿನ ಮೊದಲ ಬಸ್ಸು ಹತ್ತಿದರೆ ತೆಂಜಿನ್ ಎಂದಿನಂತೆ ಸೀಟಿನ ಮೇಲೆ ಕರ್ಚೀಫು ಹಾಸಿ ಕಾದಿದ್ದ. "ಮೈಗ್ ಉಸಾರಿರ್ಲಿಲ್ವೇನೋ?" ಎಂದು ಕೇಳಿದ. ಪತ್ರದ ಸುದ್ದಿ ಎತ್ತಲಿಲ್ಲ. ಅಕ್ಟೋಬರಿನಲ್ಲಿ ಪರೀಕ್ಷೆ ಮುಗಿದ ಮರುದಿನವೇ ಹುಬ್ಬಳ್ಳಿಗೆ ಹೊರಟುಹೋದ.

ಡಿಸೆಂಬರಿನ ಆ ಮಧ್ಯಾಹ್ನ ಹನೂರಿನ ಮೈದಾನಕ್ಕೆ ಕ್ಯಾಂಪಿನ ತಂಡ ಒಂದು ಟೆಂಪೋದಲ್ಲಿ ಬಂದಿಳಿಯಿತು. ಮೊದಲು ಒಂದು ದೊಡ್ಡ ಫ್ಲಾಸ್ಕು ಇಳಿಯಿತು, ಅದರ ಹಿಂದೆ ಇಬ್ಬರು ಅಜ್ಜಂದಿರು, ಹೊಲಿಗೆಯ ಅಂಗಡಿಯವನು, ಮಠದ ಅಡಿಗೆಯವನು, ಆರು ಮಂದಿ ಲಾಮಾಗಳು. ಎಲ್ಲರ ಮೈಮೇಲೂ ಯಾರದೋ ಯುವಕರ ಜೆರ್ಸಿ, ಮುಖದ ಮೇಲೆ ಮದುವೆಗೆ ಬಂದವರ ಕಳೆ. ನಮ್ಮವರು ಮುಸಿಮುಸಿ ನಗುತ್ತಿದ್ದಾಗ ಕೊನೆಗೆ ಇಳಿದವನು ತೆಂಜಿನ್. ಹುಬ್ಬಳ್ಳಿಯ ಫುಟ್‌ಪಾತಿನಲ್ಲಿ ಅಕ್ಕನೊಬ್ಬಳನ್ನೇ ಬಿಟ್ಟು, ಬಸ್ಸುಗಳನ್ನು ಬದಲಿಸುತ್ತ ಬಂದಿದ್ದ. ಕಣ್ಣುಗಳು ಕೆಂಪಾಗಿದ್ದವು.

ಆ ಆಟವನ್ನು ಹೇಗೆ ವರ್ಣಿಸಲಿ? ಒಬ್ಬ ಅಜ್ಜ ಎರಡನೆಯ ಗೋಲಿನ ನಂತರ ಮೈದಾನದ ನಡುವೆಯೇ ಕೂತು ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡರು. ಅದನ್ನು ಯಾವ ಫೌಲೆಂದು ಕರೆಯಬೇಕೆಂದು ತಿಳಿಯದೆ ರೆಫರಿಯಾಗಿದ್ದ ಮೇಷ್ಟ್ರು ಸೀಟಿಯನ್ನು ಬಾಯಿಯಿಂದ ತೆಗೆದು ಅವರಿಗೆ ಕೈಮುಗಿದರು. ಲಾಮಾಗಳು ಚೆಂಡು ಬಂದಾಗಲೆಲ್ಲ ನಕ್ಕರು, ಹೋದಾಗಲೂ ನಕ್ಕರು. ನಗದವನು ಒಬ್ಬನೇ. ಅವನು ಎಡಕ್ಕೆ ಹಾರಿದ, ಬಲಕ್ಕೆ ಹಾರಿದ, ಮಾದೇಶನ ಕಾಲಿನಡಿಗೇ ತಲೆ ಕೊಟ್ಟ. ಎಷ್ಟು ಚೆಂಡುಗಳನ್ನು ಹಿಡಿದನೆಂದು ಯಾರೂ ಲೆಕ್ಕ ಇಡಲಿಲ್ಲ, ಹಿಡಿಯದ ಏಳನ್ನು ಮಾತ್ರ ಊರು ಇಂದಿಗೂ ಲೆಕ್ಕ ಇಟ್ಟಿದೆ. ಸೀಟಿ ಊದಿದ ಮೇಲೆ ಮಾದೇಶನನ್ನು ಹೆಗಲ ಮೇಲೆ ಹೊತ್ತು ಕುಣಿದರು. ನನ್ನನ್ನೂ ಎತ್ತಲು ಬಂದರು. ಬೆನ್ನು ನೋವು ಎಂದೆ. ತೆಂಜಿನ್ ಮೊಣಕೈಯ ರಕ್ತ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು ಕೈ ಕುಲುಕಿ, "ಲೆಟ್ರು ಚೆನ್ನಾಗ್ ಬರ್ದಿದ್ದೆ ಕಣೋ. ನಿನ್ ಅಕ್ಷರ ಅಂತ ನೋಡ್ತಿದ್ದಂಗೇ ಗೊತ್ತಾಯ್ತು" ಎಂದು ಹೇಳಿ ಟೆಂಪೋ ಹತ್ತಿದ.

ಮೇಲಿನ ಡಿವಿಜನ್ನಿಗೆ ಹೋದ ನಾವು ಮೈಸೂರಿನ ಹುಲ್ಲಿನ ಮೇಲೆ ಎಲ್ಲ ಪಂದ್ಯಗಳನ್ನೂ ಸೋತೆವು. ಆ ಕಥೆಯನ್ನು ಟೀ ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ. ಅದರಲ್ಲೊಂದು ಪಂದ್ಯವನ್ನು ಟೋಪಿ ಹಾಕಿದ್ದ ಇಬ್ಬರು ಟಿಬೆಟನ್ನರು ಬದಿಯಲ್ಲಿ ನಿಂತು ನೋಡುತ್ತಿದ್ದರು. ಅರ್ಧಕ್ಕೇ ಹೊರಟುಹೋದರು. ಮರುವರ್ಷ ಕ್ಯಾಂಪಿನವರು ತಂಡ ಕಳಿಸಲಿಲ್ಲ, ಕಾರಣವನ್ನೂ ಕೊಡಲಿಲ್ಲ. ಅವರಿಲ್ಲದೆ ಪಾಲಾರಿನವರಿಗೂ ಬೇಸರ ಬಂತು. ಪಂದ್ಯಾವಳಿ ಸದ್ದಿಲ್ಲದೆ ನಿಂತುಹೋಯಿತು. ದೇಶವಿಲ್ಲದವರ ಆ ತಂಡ ಕೊನೆಗೂ ವಿಮಾನ ಹತ್ತಿ ಎಲ್ಲೋ ಆಡಿತೆಂದು ಪತ್ರಿಕೆಯ ಮೂಲೆಯಲ್ಲಿ ಓದಿದೆ. ಕೀಪರನ ಹೆಸರು ಬೇರೆ.

ನ್ಯಾಯವೆಂಬುದು ಒಳ್ಳೆಯ ವಾದದ ಫಲ ಎಂದು ನಂಬಿ ಬೆಳೆದವನು ನಾನು. ವಾದಕ್ಕೆ ಪ್ರತಿವಾದ ಇರುತ್ತದೆ, ಅವೆರಡರ ಘರ್ಷಣೆಯಲ್ಲಿ ಸತ್ಯದ ಕಿಡಿ ಹಾರುತ್ತದೆ ಎಂದು ವೇದಿಕೆಗಳ ಮೇಲೆ ಎಷ್ಟು ಸಲ ಹೇಳಿಲ್ಲ! ಎದುರಿನ ಕುರ್ಚಿ ಖಾಲಿ ಇದ್ದರೆ ಏನು ಮಾಡಬೇಕೆಂದು ಮಾತ್ರ ಯಾರೂ ಕಲಿಸಲಿಲ್ಲ. ಈಗ ವೇದಿಕೆ ಹತ್ತುವುದನ್ನು ಬಿಟ್ಟಿದ್ದೇನೆ. ಬಿಟ್ಟದ್ದರಿಂದ ಯಾರಿಗೂ ಏನೂ ಮರಳಿ ಸಿಕ್ಕಿಲ್ಲ ಎಂಬುದೂ ಗೊತ್ತಿದೆ.

ಕಳೆದ ಚಳಿಗಾಲದಲ್ಲಿ ಮೈಸೂರಿನ ಫುಟ್‌ಪಾತಿನ ಮೇಲೆ, ನೇತುಹಾಕಿದ ಸ್ವೆಟರುಗಳ ನಡುವೆ, ತೆಂಜಿನ್ ಸಿಕ್ಕಿದ. ಮೈ ಸ್ವಲ್ಪ ತುಂಬಿಕೊಂಡಿದ್ದ. ನನ್ನನ್ನು ಕಂಡು ನಿಜವಾಗಿ ಸಂತೋಷಪಟ್ಟ. ಸ್ಟೂಲು ಎಳೆದು ಕೂರಿಸಿದ, ಟೀ ತರಿಸಿದ, ಬೇಡವೆಂದರೂ ಬೆನ್ನಿಗೆ ಒಂದು ನೀಲಿ ಸ್ವೆಟರ್ ಹಿಡಿದು ಅಳತೆ ನೋಡಿದ. ಅವನು ನನ್ನ ಬೆನ್ನ ಹಿಂದೆ ಇದ್ದದ್ದರಿಂದ, ಮುಖ ಕಾಣದಿದ್ದದ್ದರಿಂದ, ಕೇಳಿಬಿಟ್ಟೆ.

"ಎಂಟು ದಿನ ಇತ್ತಲ್ಲೋ ತೆಂಜಿನ್. 'ಡಿಸೆಂಬರಲ್ಲಿ ನಾವು ಊರಲ್ಲಿರಲ್ಲ' ಅಂತ ಒಂದು ಸಾಲು ಬರ್ದಿದ್ರೆ ನಾನು ಸೋತೋಗ್ತಿದ್ದೆ. ಯಾಕೋ ಬರೀಲಿಲ್ಲ ನೀನು?"

"ನಿಂಗ್ ಗೊತ್ತಿಲ್ದಿರಾದು ಏನಿತ್ತೋ ಬರ್ಯಾಕೆ? ಬಸ್ಸಲ್ಲೇ ಅಂದಿದ್ನಲ್ಲೋ" ಎಂದು ಅವನು ಸ್ವೆಟರಿನ ತೋಳನ್ನು ನನ್ನ ತೋಳಿನ ಉದ್ದಕ್ಕೂ ಹಿಡಿದು ಅಳತೆ ನೋಡಿದ.